ಇಲ್ಲದ ಮೂವತ್ತನೇ ಉಪವಾಸ

ಶೌಕತ್ ಬೇ ಬುಧವಾರ ನಿವೃತ್ತರಾದರು, ಗುರುವಾರ ಲೇಖಕರಾದರು. ನಡುವೆ ಇದ್ದದ್ದು ಒಂದೇ ರಾತ್ರಿ. ಅದನ್ನೂ ಗೊರಕೆ ಹೊಡೆದು ಕಳೆದರಂತೆ. ಹೇಳಿದ್ದು ಅವರ ಹೆಂಡತಿ.

ಮೂವತ್ತೊಂದು ವರ್ಷ ಅವರು ಕೈರೋದ ನಮ್ಮ ಟಿವಿ ವಾಹಿನಿಯಲ್ಲಿದ್ದರು. ಮೂರನೇ ಮಹಡಿಯಲ್ಲಿ ಶುರುಮಾಡಿ ಎಂಟನೆಯದರಲ್ಲಿ ಮುಗಿಸಿದರು. ಲಿಫ್ಟ್ ಇರುವ ಕಟ್ಟಡದಲ್ಲಿ ಅದೇನು ದೊಡ್ಡ ಸಾಧನೆಯಲ್ಲ. ನಾನು ಮೂರನೆಯದರಲ್ಲೇ, ಎಡಿಟಿಂಗ್ ಕೋಣೆಯಲ್ಲಿ, ಕಿಟಕಿಯಿಲ್ಲದ ಗೋಡೆಗಳ ನಡುವೆ ಬೇರೆಯವರು ತೆಗೆದ ದೃಶ್ಯಗಳನ್ನು ಕತ್ತರಿಸಿ ಜೋಡಿಸುತ್ತಿದ್ದೆ. ಲಿಫ್ಟಿನ ಬಾಗಿಲು ತೆರೆದಾಗಲೆಲ್ಲ ಅವರ ಏಳಿಗೆ ಕಾಣುತ್ತಿತ್ತು. ಮೊದಮೊದಲು ಒಳಗಿದ್ದವರು ಅವರಿಗೆ ಜಾಗ ಬಿಡುತ್ತಿರಲಿಲ್ಲ. ಆಮೇಲೆ 'ಬೇ', ಅಂದರೆ ಸಾಹೇಬರೇ, ಎಂದು ಸರಿದು ನಿಂತರು. ಕೊನೆಕೊನೆಗೆ ಅವರು ಒಳಗಿದ್ದರೆ ಬೇರೆ ಯಾರೂ ಹತ್ತುತ್ತಿರಲಿಲ್ಲ.

ಅಷ್ಟು ವರ್ಷದಲ್ಲಿ ಅವರು ಒಂದು ಧಾರಾವಾಹಿಯನ್ನೂ ಪೂರ್ತಿ ನೋಡಿದವರಲ್ಲ. ಮೊದಲ ಕಂತಿನ ಐದು ನಿಮಿಷ ನೋಡಿ ಆಮೇಲೆ ಜಾಹೀರಾತು ನೋಡುತ್ತಿದ್ದರು. "ಇಫ್ತಾರ್ ಆದ್ಮೇಲೆ ವೀಕ್ಷಕ ಅಂದ್ರೆ ಬರೀ ಹೊಟ್ಟೆ. ಹೊಟ್ಟೆಗ್ಯಾಕ್ರಯ್ಯ ಕಥೆ? ಗಲಾಟೆ ಹಾಕಿ," ಎನ್ನುತ್ತಿದ್ದರು. ಗಲಾಟೆ ಹಾಕುತ್ತಿದ್ದೆವು. ರಂಜಾನ್ ತಿಂಗಳಲ್ಲಿ ಒಂದೊಂದು ವಾಹಿನಿಯಲ್ಲೂ ಐದಾರು ಧಾರಾವಾಹಿ, ದಿನಕ್ಕೊಂದು ಕಂತು, ಮೂವತ್ತು ದಿನಕ್ಕೆ ಮೂವತ್ತು. ಹಬ್ಬ ಬರುವ ಹೊತ್ತಿಗೆ ನಮಗೆಲ್ಲ ಕಣ್ಣು ಕೆಂಪು, ಅವರಿಗೆ ಹೊಸ ಕಾರು.

ಗುರುವಾರ ಅವರ ಫೋನು ಬಂತು. ನಾನಾಗಲೇ ಕೆಲಸ ಬಿಟ್ಟು ಶುಬ್ರಾ ಬಡಾವಣೆಯ ಮನೆಯಲ್ಲೇ ಕೂತು ಮದುವೆ ವೀಡಿಯೊಗಳನ್ನು ಎಡಿಟ್ ಮಾಡುತ್ತಿದ್ದೆ.

"ಇನ್ಶಿರಾಹ್, ನಾನು ಪುಸ್ತಕ ಬರೀತಿದೀನಿ."

"ಒಳ್ಳೇದಾಗ್ಲಿ ಬೇ."

"ನೀನು ಬರ್ಕೋ."

ಅವರು ವಾಟ್ಸಾಪಿನಲ್ಲಿ ಮಾತಾಡಿ ಕಳಿಸುವುದು, ನಾನು ಕೇಳಿ ಟೈಪ್ ಮಾಡಿ ಓದುವ ಹಾಗೆ ಮಾಡುವುದು. ಅದೇ ಅವರ ಬರವಣಿಗೆ. ಒಪ್ಪಿಕೊಂಡದ್ದಕ್ಕೆ ಕಾರಣ ಒಂದೇ. "'ಸಾಬೂನು ಗಲ್ಲಿ' ಧಾರಾವಾಹಿಗೆ ಒಂದಿಡೀ ಅಧ್ಯಾಯ ಇದೆ. ಅದರ ಕೊನೇ ಕಂತಿನ ದಿನ ನೀನೂ ಇದ್ದೆಯಲ್ಲ? ನಿನ್ನ ಹೆಸರೂ ಬರುತ್ತೆ," ಎಂದಿದ್ದರು.

ಪಕ್ಕದಲ್ಲಿದ್ದ ಮಗಳು ಜುಮಾನಾ ಅದನ್ನು ಕೇಳಿಸಿಕೊಂಡಳು. ಅವಳಿಗೆ ಹದಿನಾಲ್ಕು. ಎರಡು ವರ್ಷದ ಹಿಂದೆ ಶಾಲೆಯಲ್ಲಿ, 'ಸಾಬೂನು ಗಲ್ಲಿ'ಯ ಕೊನೆ ಮಾಡಿದ್ದು ನಮ್ಮಮ್ಮ ಎಂದು ಹೇಳಿ ಎಲ್ಲರ ನಗೆಪಾಟಲಿಗೆ ಈಡಾಗಿ ಬಂದಿದ್ದಳು. ಟೀಚರು ಕೂಡ, "ಕಂದಾ, ಅದು ಶೌಕತ್ ಬೇ ಮಾಡಿದ್ದು. ಇಡೀ ದೇಶಕ್ಕೆ ಗೊತ್ತು," ಎಂದಿದ್ದರಂತೆ. ಅವತ್ತಿನಿಂದ ಅವಳು ಆ ಮಾತು ಎತ್ತಿರಲಿಲ್ಲ. ನನ್ನನ್ನು ನಂಬುವುದನ್ನು ಬಿಟ್ಟಳೋ, ಇಟ್ಟುಕೊಂಡಳೋ, ಕೇಳುವ ಧೈರ್ಯ ನನಗೂ ಆಗಿರಲಿಲ್ಲ.

"ನಿಜವಾಗ್ಲೂ ಹೆಸರು ಹಾಕ್ತಾರಾ ಅಮ್ಮ?" ಎಂದಳು ಈಗ.

"ಹಾಕ್ತೀನಿ ಅಂದ್ರಲ್ಲ."

"ಅವರು ಅಂದಿದ್ದೆಲ್ಲ ಆಗಿದ್ರೆ ನೀನು ಎಂಟನೇ ಮಹಡೀಲಿ ಇರ್ತಿದ್ದೆ."

ಹದಿನಾಲ್ಕಕ್ಕೇ ಇಷ್ಟು ಬುದ್ಧಿ ಬಂದಿದೆ, ನನಗೆ ನಲವತ್ತಾದರೂ ಬಂದಿರಲಿಲ್ಲ.

ಅವಳು ಹುಟ್ಟುವುದಕ್ಕೆ ಎಂಟು ದಿನ ಮೊದಲು ನಡೆದದ್ದು ಅದು. ಆ ರಂಜಾನಿನ ಶುರುವಿನಲ್ಲೇ ಶೌಕತ್ ಬೇ ನೋಟೀಸು ಅಂಟಿಸಿದ್ದರು: ಹಬ್ಬದವರೆಗೆ ಯಾರಿಗೂ ರಜೆ ಇಲ್ಲ, ಯಾರೂ ಊರು ಬಿಡಕೂಡದು. ಕೆಳಗೆ ಅವರದೇ ಸಹಿ. ನಾನು ಹೊಟ್ಟೆ ಹೊತ್ತು ಎಂಟನೇ ಮಹಡಿಗೆ ಹೋಗಿ ಕೊನೆಯ ವಾರಕ್ಕೆ ರಜೆ ಕೇಳಿದೆ. "ಮಗೂಗೂ ಹೇಳು, ಹಬ್ಬ ಮುಗಿಸ್ಕೊಂಡು ಬರ್ಲಿ ಅಂತ," ಎಂದರು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಗುವುದೂ ಆಗ ಕೆಲಸದ ಒಂದು ಭಾಗವಾಗಿತ್ತು.

'ಸಾಬೂನು ಗಲ್ಲಿ' ಒಬ್ಬ ತಾಯಿಯ ಕಥೆ. ಮಗ ಹಡಗು ಹತ್ತಿ ಹೋಗಿರುತ್ತಾನೆ. ಅವಳು ದಿನಾ ಇಫ್ತಾರ್ ಹೊತ್ತಿಗೆ ಅವನಿಗೊಂದು ತಟ್ಟೆ ಇಡುತ್ತಾಳೆ, ಊಟ ಮುಗಿದ ಮೇಲೆ ಸೊಸೆ ಅದನ್ನು ತೆಗೆಯುತ್ತಾಳೆ. ತಾಯಿಯ ಪಾತ್ರ ಮಾಡಿದ್ದು ಹೆಸರಾಂತ ನಟಿ ಇಜ್ಲಾಲ್ ಹಾನಮ್, ಹಾನಮ್ ಅಂದರೆ ಅಮ್ಮಾವ್ರು. ಅವರು ಸುಮ್ಮನೆ ಅವರೆಕಾಯಿ ಸುಲಿದರೂ ಜನ ಅಳುತ್ತಿದ್ದರು. ಮೂವತ್ತನೇ ಕಂತಿನಲ್ಲಿ ಮಗ ಬರುತ್ತಾನೆ. ಬಂದವನು ಸುಮ್ಮನೆ ಬರುವುದಿಲ್ಲ. ತಮ್ಮಟೆ, ಕುಣಿತ, ಮದುವೆ, ಮನೆ ಮಾಲೀಕ ಅತ್ತು ಕ್ಷಮೆ ಕೇಳುವುದು, ನಲವತ್ತೈದು ನಿಮಿಷದ ಸಕ್ಕರೆ ಪಾಕ. ಬರೆಸಿದ್ದು ಶೌಕತ್ ಬೇ, ಹೊಟ್ಟೆಗಳಿಗಾಗಿ.

ಆದರೆ ಆ ವರ್ಷ ಇಪ್ಪತ್ತೊಂಬತ್ತಕ್ಕೇ ಚಂದ್ರ ಕಂಡುಬಿಟ್ಟ. ಸೂರ್ಯ ಮುಳುಗಿ, ಎಲ್ಲರೂ ಖರ್ಜೂರ ಬಾಯಿಗಿಟ್ಟು, ಸೂಪಿನ ಚಮಚ ಎತ್ತುವ ಹೊತ್ತಿಗೆ ಟಿವಿಯಲ್ಲಿ ಸುದ್ದಿ ಬಂತು: ನಾಳೆಯೇ ಹಬ್ಬ. ಬೀದಿಯಲ್ಲಿ ಮಕ್ಕಳು ಪಟಾಕಿ ಹಚ್ಚಿದರು. ನಮ್ಮ ಮೂರನೇ ಮಹಡಿಯಲ್ಲಿ ಮಾತ್ರ ಎಲ್ಲರೂ ತಲೆ ಮೇಲೆ ಕೈ ಹೊತ್ತರು. ಎರಡು ಕಂತು ಉಳಿದಿವೆ, ದಿನ ಒಂದೂ ಉಳಿದಿಲ್ಲ. ಹಬ್ಬದ ಮೂರು ದಿನಗಳನ್ನು ಶೌಕತ್ ಬೇ ಆಗಲೇ ನಾಟಕಗಳಿಗೂ ಜಾಹೀರಾತಿಗೂ ಮಾರಿಬಿಟ್ಟಿದ್ದರು.

ಏಳು ಗಂಟೆಗೆ ನನ್ನ ಫೋನು ಹೊಡೆದುಕೊಂಡಿತು.

"ಇನ್ಶಿರಾಹ್, ಎರಡನ್ನೂ ಸೇರಿಸಿ ಒಂದು ಮಾಡು. ಒಂಬತ್ತೂವರೆಗೆ ಪ್ರಸಾರ."

"ಬೇ, ಎರಡೂವರೆ ಗಂಟೇಲಾ? ನೀವೊಮ್ಮೆ ಕೆಳಗೆ ಬಂದು ನೋಡಿದ್ರೆ..."

"ಮೇಲೆ ಅತಿಥಿಗಳಿದಾರೆ ಕಣೇ. ನೀನು ಜಾಣೆ. ಏನಾದ್ರೂ ಮಾಡು."

ಅವರ ಮಾತಿನ ಹಿಂದೆ ನೀರು ಬೀಳುವ ಸದ್ದು ಕೇಳುತ್ತಿತ್ತು. ಕಕ್ಕಸಿನಿಂದ ಮಾತಾಡುತ್ತಿದ್ದಾರೆ ಎಂದುಕೊಂಡೆ. ಹದಿನಾಲ್ಕು ವರ್ಷ ಹಾಗೇ ಅಂದುಕೊಂಡಿದ್ದೆ.

ತಮ್ಮಟೆ ತೆಗೆದೆ. ಮದುವೆ ತೆಗೆದೆ. ಮಾಲೀಕನ ಕಣ್ಣೀರು ತೆಗೆದೆ. ತೆಗೆಯುತ್ತಾ ಹೋದ ಹಾಗೆ ಉಳಿದದ್ದು ಇಷ್ಟೇ: ಸೊಸೆಯ ಕೈ ತಟ್ಟೆಯ ಕಡೆ ಹೋಗುತ್ತದೆ, ಬಾಗಿಲು ಬಡಿದ ಸದ್ದಾಗುತ್ತದೆ, ತಾಯಿಯ ಬೆನ್ನು. ಕೈಯನ್ನು ನಿಲ್ಲಿಸಲು ಒಂದು ಮಾತು ಬೇಕಿತ್ತು. ಮೂವತ್ತು ಕಂತಿನಲ್ಲಿ ಎಲ್ಲೂ ಇರಲಿಲ್ಲ. ಅಷ್ಟರಲ್ಲಿ ನನ್ನಮ್ಮನ ಫೋನು.

"ಹುಡುಗೀ, ಎಂಟು ಗಂಟೆ ಆಯ್ತು. ನಿನ್ನ ತಟ್ಟೆ ಮುಚ್ಚಿಟ್ಟು ಕೂತಿದೀನಿ. ತೆಗೀಲಾ ಇರ್ಲಾ?"

"ತಟ್ಟೆ ತೆಗೀಬೇಡಿ," ಎಂದೆ. ಎಂದವಳು ಪರದೆ ನೋಡಿದೆ. ಸೊಸೆಯ ಕೈ ಅಲ್ಲೇ ನಿಂತಿತ್ತು.

ತಕ್ಷಣ ಇಜ್ಲಾಲ್ ಹಾನಮ್ ಮನೆಗೆ ಫೋನು ಮಾಡಿದೆ. ಒಂದು ಸಲ ಇಟ್ಟರು. ಎರಡನೇ ಸಲ, "ಯಾರಮ್ಮ ನೀನು? ನಾಳೆ ಹಬ್ಬ, ಕೈಯೆಲ್ಲ ಹಿಟ್ಟಾಗಿದೆ," ಎಂದರು. ಮೂರನೇ ಮಹಡಿಯ ಹೆಸರಿಲ್ಲದ ಹೆಂಗಸು ಹೇಳಿದರೆ ಅಷ್ಟು ದೊಡ್ಡ ನಟಿ ಬಾಯಿ ತೆರೆಯುತ್ತಾರೆಯೇ? ಹಾಗಾಗಿ ಒಂದು ಸುಳ್ಳು ಹೇಳಿದೆ.

"ಶೌಕತ್ ಬೇ ಹೇಳಿದಾರೆ ಹಾನಮ್. ಒಂದೇ ಒಂದು ಮಾತು ಬೇಕಂತೆ."

ಅವರು ಫೋನಿನಲ್ಲೇ ಹೇಳಿದರು, ಬಾಯಲ್ಲಿ ಹಬ್ಬದ ಕಹ್ಕ್ ಬಿಸ್ಕತ್ತು ಇಟ್ಟುಕೊಂಡೇ. ಅದನ್ನು ಹಾಗೇ ಅಂಟಿಸಿದೆ. ಗೋಡೆಯಾಚೆಯಿಂದ ಬಂದ ಹಾಗೆ ಕೇಳುವ ಆ ಮಾತನ್ನು ವಿಮರ್ಶಕರು ಒಂದು ವರ್ಷ ಹೊಗಳಿದರು. "ತಟ್ಟೆ ತೆಗೀಬೇಡಿ" ಎನ್ನುವುದು ಚಹಾ ಲೋಟಗಳ ಮೇಲೆ ಬಂತು, ಮೈಕ್ರೋಬಸ್ಸುಗಳ ಹಿಂದೆ ಬಂತು. ಮಗನನ್ನೇ ತೋರಿಸದೆ ಮುಗಿಸಿದ ಧೈರ್ಯಕ್ಕೆ ಶೌಕತ್ ಬೇಗೆ ಪ್ರಶಸ್ತಿ, ಮರುವರ್ಷ ಇಡೀ ವಾಹಿನಿಯ ಯಜಮಾನಿಕೆ. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಹೋಗಿ ಕೂತಿತು. ಬಾಗಿಲು ತೆರೆದು ಒಳಗೆ ಬಿಟ್ಟವಳು ನಾನೇ, ಅದನ್ನೂ ಹೇಳಿಬಿಡಬೇಕು. ಬಾಯಿ ಬಿಡಲು ಹದಿನಾಲ್ಕು ವರ್ಷವಿತ್ತು. ಮೊದಲು ಮಗು ಸಣ್ಣದು ಎಂದುಕೊಂಡೆ, ಆಮೇಲೆ ಕೆಲಸ ಹೋದೀತು ಎಂದುಕೊಂಡೆ, ಆಮೇಲೆ ಯಾರು ನಂಬುತ್ತಾರೆ ಎಂದುಕೊಂಡೆ.

ಒಂಬತ್ತನೇ ಅಧ್ಯಾಯದ ಮಾತುಗಳು ಬಂದ ದಿನ ನಾನು ಅಡುಗೆಮನೆಯಲ್ಲಿ ಮುಲೂಖಿಯಾ ಸೊಪ್ಪು ಬಿಡಿಸುತ್ತಿದ್ದೆ. ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿಟ್ಟಿದ್ದೆ. ಶೌಕತ್ ಬೇ ನಡುನಡುವೆ ಏನೋ ಹೀರುತ್ತಾ ಹೇಳುತ್ತಿದ್ದರು:

"ಆ ಸಂಜೆ ನಾನು ತೋಳು ಮಡಚಿ ಎಡಿಟಿಂಗ್ ಮೇಜಿಗೆ ಕೂತೆ. ನನ್ನ ಕತ್ತರಿ ನಡುಗಲಿಲ್ಲ. ನನ್ನ ಅಜ್ಜಿ ಹೇಳುತ್ತಿದ್ದ ಮಾತೊಂದು ನೆನಪಾಯಿತು: ತಟ್ಟೆ ತೆಗೀಬೇಡಿ..."

ಸೊಪ್ಪಿನ ದಂಟು ನನ್ನ ಕೈಯಲ್ಲೇ ಮುರಿಯಿತು. ದನಿ ಮುಂದುವರಿಯಿತು:

"ಮರುದಿನ ಮೂವತ್ತನೇ ಉಪವಾಸ. ಸಂಜೆ ಬೀದಿಗಿಳಿದೆ. ಬಡವರಿಗೆ ಇಫ್ತಾರ್ ಬಡಿಸುವ ಮೇಜಿನ ತುದಿಯಲ್ಲಿ, ಅವರಲ್ಲೊಬ್ಬನಾಗಿ ಕೂತೆ. ಬಿಸಿ ಹರೀರಾ ಬಟ್ಟಲು ಕೈಗೆ ಬಂತು. ಮೊದಲ ಗುಟುಕಿಗೇ ಪಕ್ಕದವನು ಕೇಳಿದ: ನಿನ್ನೆ ರಾತ್ರಿ ಆ ತಟ್ಟೆ ನೋಡಿದೆಯಾ? ನಾನು ತಲೆ ತಗ್ಗಿಸಿದೆ. ನಾನ್ಯಾರೆಂದು ಹೇಳಲಿಲ್ಲ."

ಕೈ ಒರೆಸಿಕೊಂಡು ಇನ್ನೊಮ್ಮೆ ಹಾಕಿದೆ. ಜುಮಾನಾಳನ್ನು ಕರೆದು ಅವಳಿಗೂ ಕೇಳಿಸಿದೆ.

"ಇದೇನಮ್ಮ, ಮೂವತ್ತನೇ ಉಪವಾಸ ಎಲ್ಲಿತ್ತು? ಇಪ್ಪತ್ತೊಂಬತ್ತಕ್ಕೇ ಹಬ್ಬ ಆಗಿದ್ದಕ್ಕಲ್ವಾ ನೀನು ಕತ್ತರಿಸಿದ್ದು?"

"ಇಲ್ಲಿ ಇರಲಿಲ್ಲ. ಮೊರಾಕ್ಕೋದಲ್ಲಿ ಇತ್ತು. ಅಲ್ಲಿ ಚಂದ್ರ ಎಷ್ಟೋ ಸಲ ಒಂದು ದಿನ ತಡ."

"ಹರೀರಾ ಅಂದ್ರೆ?"

"ಅವರ ಇಫ್ತಾರಿನ ಸೂಪು. ಕೈರೋದಲ್ಲಿ ಬಡವರ ಮೇಜಿಗೆ ಹರೀರಾ ಬಡಿಸೋರು ಯಾರೂ ಇನ್ನೂ ಹುಟ್ಟಿಲ್ಲ."

ಹೇಳುತ್ತಾ ಹೇಳುತ್ತಾ ನನಗೆ ಆ ನೀರಿನ ಸದ್ದು ನೆನಪಾಯಿತು. ಕಕ್ಕಸಲ್ಲ. ಕಾರಂಜಿ. ಆ ವರ್ಷ ಮರಾಕೆಶ್‌ನಲ್ಲಿ ಅಂಗಳದ ನಡುವೆ ಕಾರಂಜಿಯಿರುವ ಹೋಟೆಲಿಗೆ ಜಾಹೀರಾತಿನವರು ಯಾರನ್ನೋ ಕರೆದೊಯ್ದಿದ್ದರೆಂಬ ಗುಸುಗುಸು ಮೂರನೇ ಮಹಡಿಗೂ ಬಂದಿತ್ತು. ನಮ್ಮೆಲ್ಲರನ್ನೂ ನೋಟೀಸಿನಲ್ಲಿ ಕಟ್ಟಿಹಾಕಿ, ನನ್ನ ಹೊಟ್ಟೆಯ ಮಗುವನ್ನೂ ಕಾಯಲು ಹೇಳಿ, ಅವರು ಅಲ್ಲಿ ನೀರಿನ ಪಕ್ಕ ಕಾಲು ಚಾಚಿ ಕೂತಿದ್ದರು. ಅಲ್ಲಿಯ ಉಪವಾಸ, ಅಲ್ಲಿಯ ಸೂಪು ನಾಲಗೆಯಲ್ಲಿ ಉಳಿದುಬಿಟ್ಟಿದೆ. ಇಲ್ಲಿಯ ಹಬ್ಬ ಉಳಿದಿಲ್ಲ, ಯಾಕೆಂದರೆ ಇಲ್ಲಿಯ ಹಬ್ಬವನ್ನು ಅವರು ನೋಡಲೇ ಇಲ್ಲ. ಹದಿನಾಲ್ಕು ವರ್ಷ ಹೇಳಿಹೇಳಿ, ಕೊನೆಗೆ ತಮ್ಮ ಸುಳ್ಳನ್ನು ತಾವೇ ನಂಬಿ, ನಿಜವಾದ ಒಂದು ನೆನಪನ್ನು ಅದರೊಳಗೆ ಬೆರೆಸಿಬಿಟ್ಟಿದ್ದಾರೆ.

"ಹಾಗಾದ್ರೆ ಅವರು ಊರಲ್ಲೇ ಇರ್ಲಿಲ್ಲ!" ಜುಮಾನಾ ಕುರ್ಚಿಯಿಂದ ಎದ್ದು ನಿಂತಳು. "ಅವರಿಗೆ ಹೇಳ್ತೀಯಾ ಅಮ್ಮ?"

"ಹೇಳ್ಬೇಕು. ತಪ್ಪು ಕಂಡ್ರೆ ಹೇಳೋದು ನನ್ನ ಕೆಲಸ."

"ಹೇಳಿದ್ರೆ ಅವರು ತಿದ್ದಿಬಿಡ್ತಾರೆ."

ಅಷ್ಟು ಹೇಳಿ ಅವಳು ಸೊಪ್ಪಿನ ಇನ್ನೊಂದು ಕಟ್ಟು ತನ್ನ ಕಡೆ ಎಳೆದುಕೊಂಡಳು.

ಹೇಳಬೇಕೆಂದೇ ಹೋದೆ. ಜಮಾಲೆಕ್‌ನಲ್ಲಿ, ನೈಲ್ ನದಿಗೆ ಮುಖ ಮಾಡಿದ ಮನೆ. ಶೌಕತ್ ಬೇ ಲೇಖಕರ ವೇಷದಲ್ಲಿದ್ದರು: ಸೆಕೆಯಲ್ಲಿ ಕೊರಳಿಗೆ ಉಣ್ಣೆಯ ಶಾಲು, ಹೊತ್ತಿಸದ ಪೈಪು. ಮೇಜಿನ ಮೇಲೆ ಹಳೆಯ ಟೈಪ್‌ರೈಟರ್ ಇತ್ತು, ಅದರಲ್ಲಿ ರಿಬ್ಬನ್ ಇರಲಿಲ್ಲ. ಗೋಡೆ ತುಂಬ ಪುಸ್ತಕ. ಒಂದನ್ನು ಎಳೆದು ನೋಡಿದೆ, ಪುಟಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು.

"ಬೇ, ಒಂಬತ್ತನೇ ಅಧ್ಯಾಯದಲ್ಲಿ..."

"ಅಳು ಬಂತಾ?"

"ಇಲ್ಲ ಬೇ, ಅಲ್ಲಿ ಆ ಅಜ್ಜಿ ಮಾತು. ನಿಮ್ಮಜ್ಜಿ ನೀವು ಹುಟ್ಟೋಕೆ ಮುಂಚೆನೇ ಹೋಗಿದ್ರು ಅಂತ ಎರಡನೇ ಅಧ್ಯಾಯದಲ್ಲಿ ಹೇಳಿದೀರಿ."

ಅವರು ಪೈಪನ್ನು ಬಾಯಿಂದ ತೆಗೆದು ಯೋಚಿಸಿದರು. "ಇನ್ನೊಬ್ಬಳು ಅಜ್ಜಿ."

"ಆಕೆನೂ ಅದೇ ಪುಟದಲ್ಲಿ ಹೋಗ್ತಾರೆ."

"ಹಾಗಾದ್ರೆ ಎರಡನೇ ಅಧ್ಯಾಯದಲ್ಲಿ ಒಬ್ಬಳನ್ನ ಬದುಕಿಸು! ಅದೇನು ದೊಡ್ಡ ವಿಷಯ? ಒಂಬತ್ತನ್ನ ಮಾತ್ರ ಮುಟ್ಬೇಡ. ಪ್ರಕಾಶಕರು ಕೇಳಿ ಕಣ್ಣೀರು ಹಾಕಿದ್ರು. ಒಂದು ಅಕ್ಷರ ಕೂಡ ಬದಲಾಯಿಸ್ಬೇಡಿ ಅಂದ್ರು. ಅದು ನನ್ನ ಎದೆಯಿಂದ ಬಂದದ್ದು."

"ಆ ರಾತ್ರಿ ನಾನೂ ಇದ್ದೆನಲ್ಲ ಬೇ. ಆ ಅಧ್ಯಾಯದಲ್ಲಿ ನಾನಿಲ್ಲ."

"ಇದೀಯಲ್ಲ, ಕೊನೇ ಪುಟದಲ್ಲಿ. ಸಹಕರಿಸಿದವರು ಅಂತ. ನಮ್ಮ ಡ್ರೈವರ್ ಇದಾನೆ, ಕಾಫಿ ಮಾಡೋಳಿದಾಳೆ, ನೀನೂ ಇದೀಯ. ಯಾರನ್ನೂ ಮರೆಯೋನಲ್ಲ ನಾನು." ಆಮೇಲೆ ಕರುಣೆಯಿಂದ ನೋಡಿ ಸೇರಿಸಿದರು, "ನೋಡು ಇನ್ಶಿರಾಹ್, ಕತ್ತರಿ ಬಟ್ಟೆ ಕತ್ತರಿಸುತ್ತೆ. ಹಾಗಂತ ಜನ ಕತ್ತರಿನ ದರ್ಜಿ ಅಂತಾರಾ?"

ಬೇ, ಆ ವರ್ಷ ಮೂವತ್ತನೇ ಉಪವಾಸವೇ ಇರಲಿಲ್ಲ. ಈ ಮಾತು ಹಲ್ಲಿನ ತುದಿಗೆ ಬಂದಿತ್ತು. ನಾನು ಹೇಳಿದರೆ ಅವರು ದಿನ ಬದಲಾಯಿಸುತ್ತಾರೆ, ಸೂಪು ತೆಗೆಯುತ್ತಾರೆ, ಸುಳ್ಳಿನಲ್ಲಿ ಒಂದು ತೂತೂ ಉಳಿಯುವುದಿಲ್ಲ. ಅವರ ತೂತುಗಳನ್ನು ಮುಚ್ಚುವುದೇ ನನ್ನ ಇಡೀ ಜೀವನದ ಕೆಲಸವಾಗಿತ್ತು. ಇದೊಂದನ್ನು ಹಾಗೇ ಬಿಟ್ಟೆ. ಅವರ ಕಾಫಿ ಚೆನ್ನಾಗಿತ್ತು, ಮಾತನ್ನು ಅದರ ಜೊತೆ ನುಂಗಿದೆ.

"ಒಂಬತ್ತನ್ನ ಮುಟ್ಟಲ್ಲ ಬೇ," ಎಂದೆ. "ನೀವು ಹೇಳಿದ ಹಾಗೇ ಇರುತ್ತೆ."

ಪುಸ್ತಕದ ಹೆಸರು 'ಕತ್ತರಿ ಮತ್ತು ಚಂದ್ರ'. ರಂಜಾನಿಗೆ ಒಂದು ವಾರವಿದೆ ಎನ್ನುವಾಗ ಪೇಟೆಯ ದೊಡ್ಡ ಪುಸ್ತಕದಂಗಡಿಯಲ್ಲಿ ಬಿಡುಗಡೆ. ನೂರೈವತ್ತು ಕುರ್ಚಿ, ಇನ್ನೂರು ಜನ. ಅಂಗಡಿಯವರು ಹಾಳೆಗಳನ್ನು ನೋಡಿದ್ದರು, ಪ್ರಕಾಶಕರು ನೋಡಿದ್ದರು, ಒಬ್ಬರಿಗೂ ಏನೂ ಹೊಳೆದಿರಲಿಲ್ಲ. ಪ್ರಕಾಶಕರು ಅಳುತ್ತಿದ್ದರಲ್ಲ, ಕಣ್ಣು ಮಂಜಾಗಿದ್ದಿರಬೇಕು. ಒಂಬತ್ತನೇ ಅಧ್ಯಾಯವನ್ನು ಇಜ್ಲಾಲ್ ಹಾನಮ್ ಅವರಿಂದಲೇ ಓದಿಸುವುದು ಶೌಕತ್ ಬೇ ಆಸೆ. ಹಾನಮ್‌ಗೆ ಎಪ್ಪತ್ತೆಂಟು. ಕೋಲು ಬಂದಿತ್ತು, ದನಿ ಮಾತ್ರ ಹೋಗಿರಲಿಲ್ಲ. ನಾನೂ ಜುಮಾನಾಳೂ ಮೂರನೇ ಸಾಲಿನಲ್ಲಿದ್ದೆವು.

ಹಾನಮ್ ಓದತೊಡಗಿದರು. ಕತ್ತರಿ ನಡುಗದೇ ಇದ್ದದ್ದನ್ನು ಓದಿದರು, ಅಜ್ಜಿಯನ್ನು ಓದಿದರು. ಜನ ಕಣ್ಣೊರೆಸಿಕೊಂಡರು. "ಮರುದಿನ ಮೂವತ್ತನೇ ಉಪವಾಸ," ಎಂದು ಓದಿ ನಿಂತರು. ಕನ್ನಡಕ ಏರಿಸಿ ಮತ್ತೆ ಅದೇ ಸಾಲು ಓದಿದರು.

"ಶೌಕತ್, ಯಾವ ಮೂವತ್ತನೇದಪ್ಪ? ಮರುದಿನ ನಾನು ಹಬ್ಬದ ಬೆಳಗ್ಗೆ ಅಮ್ಮನ ಗೋರಿಗೆ ಹೋಗಿ ರೊಟ್ಟಿ ಹಂಚಿ ಬಂದಿದೀನಿ."

ಸಭೆಯಲ್ಲಿ ಗುಜುಗುಜು. ಹಿಂದಿನ ಸಾಲಿನಿಂದ ಯಾರೋ ಮುದುಕರು ಕೂಗಿದರು, "ಹಬ್ಬ ಆಗಿದ್ದಕ್ಕಲ್ವೇ ಕಂತು ಸೇರಿಸಿದ್ದು! ಬೇ ನಮ್ಮೆಲ್ಲರ ಪಾಲಿಗೂ ಒಂದು ದಿನ ಜಾಸ್ತಿ ಉಪವಾಸ ಹಿಡಿದಿದಾರೆ, ದೇವರು ಒಪ್ಪಿಕೊಳ್ಳಲಿ!"

ನಗು ಎದ್ದಿತು. ಶೌಕತ್ ಬೇ ಕೂಡ ನಕ್ಕರು, ಶಾಲು ಸಡಿಲಿಸಿಕೊಂಡರು. "ಮುದ್ರಣದೋಷ ಹಾನಮ್, ಮುಂದೆ ಓದಿ."

ಹಾನಮ್ ಮುಂದೆ ಓದಿದರು. ಹರೀರಾ ಬಂತು. ಪುಸ್ತಕವನ್ನು ಮಡಿಲಿಗೆ ಇಳಿಸಿದರು.

"ಹರೀರಾ! ನಾನು ಫೆಸ್ ಊರಲ್ಲಿ ಎರಡು ತಿಂಗಳು ಶೂಟಿಂಗ್ ಮಾಡಿದೀನಿ, ಮಾರಾಯ. ಹರೀರಾ ನಂಗೆ ಗೊತ್ತು. ಕೈರೋದಲ್ಲಿ ಯಾರು ಕುಡಿಸಿದ್ರು ನಿಂಗೆ? ಚಂದ್ರ ತಡವಾಗಿ ಬಂದ, ಹರೀರಾ ಬಂತು... ಅಯ್ಯೋ ನಿನ್ನ! ನೀನು ಮೊರಾಕ್ಕೋದಲ್ಲಿದ್ದೆ!"

ಈಗಿನ ನಗು ಬೇರೆ ಥರದ್ದು. ನಮ್ಮೂರ ಜನಕ್ಕೆ ಒಂದು ಎಳೆ ಸಿಕ್ಕರೆ ಸಾಕು. "ಕತ್ತರಿ ಅಷ್ಟುದ್ದ ಇತ್ತಾ ಬೇ, ಅಲ್ಲಿಂದ ಇಲ್ಲಿಗೆ?" ಎಂದರೊಬ್ಬರು. "ಬಡವರ ಮೇಜು ಎಷ್ಟು ನಕ್ಷತ್ರದ್ದು ಬೇ?" ಎಂದರು ಇನ್ನೊಬ್ಬರು. ಮುಂದಿನ ಸಾಲಿನಲ್ಲಿ ಕೂತಿದ್ದ ನಮ್ಮ ವಾಹಿನಿಯ ಹಳಬರು, ಆ ನೋಟೀಸು ಓದಿ ಹಬ್ಬಕ್ಕೆ ಊರಿಗೆ ಹೋಗದವರು, ನಗುತ್ತಿರಲಿಲ್ಲ.

ಶೌಕತ್ ಬೇ ಬೆವರುತ್ತಾ ಸಭೆಯನ್ನು ಹುಡುಕಿ ನನ್ನ ಕಡೆ ಬೆರಳು ಮಾಡಿದರು. "ಇದೆಲ್ಲ ಟೈಪ್ ಮಾಡಿದವಳು ಸೇರಿಸಿದ್ದು. ಇನ್ಶಿರಾಹ್! ಏನಿದು? ಎದ್ದು ಹೇಳು ಎಲ್ಲರಿಗೂ."

ಎದ್ದೆ. ಚೀಲದಿಂದ ಫೋನು ತೆಗೆದೆ.

"ಬೇ, ನಿಮ್ಮ ದನಿ ನನ್ನ ಫೋನಲ್ಲೇ ಇದೆ. ನಡುವೆ ಏನೋ ಹೀರಿದ ಸದ್ದೂ ಇದೆ. ಹಾಕ್ಲಾ?"

"ಬೇಡ, ಬೇಡ. ಕೂತ್ಕೋ."

ಕೂರುವಷ್ಟರಲ್ಲಿ ಇಜ್ಲಾಲ್ ಹಾನಮ್ ಕೋಲನ್ನು ನೆಲಕ್ಕೆ ಕುಟ್ಟಿದರು.

"ನಿಲ್ಲು ಹುಡುಗಿ. ಈ ದನಿ ನಂಗೆ ಗೊತ್ತು. ಅವತ್ತು ಫೋನು ಮಾಡಿದವಳು ನೀನೇ ಅಲ್ವಾ? 'ಶೌಕತ್ ಬೇ ಹೇಳಿದಾರೆ, ಒಂದೇ ಮಾತು ಬೇಕಂತೆ' ಅಂತ?"

"ಹೌದು ಹಾನಮ್."

"ಹೇಳಿದ್ರಾ ಅವರು?"

ಶೌಕತ್ ಬೇ ನನ್ನನ್ನೇ ನೋಡುತ್ತಿದ್ದರು. ಅದೇ ನೋಟ: ನೀನು ಜಾಣೆ, ಏನಾದ್ರೂ ಮಾಡು. ಒಂದು ಹೌದು ಅಂದರೆ ಸಾಕು, ಮಿಕ್ಕದ್ದನ್ನೆಲ್ಲ ಅವರು ಜೋಕು ಮಾಡಿ ತೇಲಿಸುತ್ತಿದ್ದರು. ಪಕ್ಕದಲ್ಲಿ ಜುಮಾನಾ ನನ್ನ ಮುಖ ನೋಡುತ್ತಿರಲಿಲ್ಲ. ಕೆಳಗೆ, ತನ್ನ ಕೈಗಳನ್ನೇ ನೋಡುತ್ತಿದ್ದಳು.

"ಇಲ್ಲ," ಎಂದೆ. "ಅವರು ಹೇಳಿರಲಿಲ್ಲ. ಅವರಿಗೆ ಗೊತ್ತೂ ಇರಲಿಲ್ಲ. ಕತ್ತರಿಸಿದ್ದು ನಾನು. ಆ ಮಾತೂ ನಂದೇ, ನಮ್ಮಮ್ಮನಿಗೆ ಹೇಳಿದ್ದು. ಅವರ ಹೆಸರು ಹೇಳದಿದ್ರೆ ನೀವು ಫೋನು ಇಟ್ಟುಬಿಡ್ತಿದ್ರಿ. ಅದಕ್ಕೆ ಸುಳ್ಳು ಹೇಳಿದೆ. ತಪ್ಪಾಯ್ತು."

ಅವತ್ತಿನ ಸಭೆಯಲ್ಲಿ ಸುಳ್ಳು ಹೇಳಿದ್ದೆ ಎಂದು ಒಪ್ಪಿಕೊಂಡವಳು ನಾನೊಬ್ಬಳೇ.

"ಇಡ್ತಿದ್ದೆ, ಹೌದು," ಎಂದರು ಹಾನಮ್. "ಒಂದು ಸಲ ಇಟ್ಟಿದ್ದೆ ಕೂಡ." ಆಮೇಲೆ ಪುಸ್ತಕವನ್ನು ಶೌಕತ್ ಬೇ ಕೈಗೆ ಕೊಟ್ಟರು, ಹಳಸಿದ್ದನ್ನು ಅಂಗಡಿಗೆ ವಾಪಸ್ ಕೊಟ್ಟ ಹಾಗೆ. "ತಗೋಪ್ಪ. ಮುಂದಿಂದು ನೀನೇ ಓದು. ನಂಗೆ ಬಾಯಿ ಒಣಗಿತು."

ಅವರು ಓದಲಿಲ್ಲ. ಸಹಿ ಹಾಕಲು ಕೂತರು. ನಾಚಿಕೆ ಎನ್ನುವುದು ಎಂಟನೇ ಮಹಡಿಗೆ ಯಾವತ್ತೂ ಹತ್ತಿರಲಿಲ್ಲ, ಅಲ್ಲಿಂದ ಇಳಿದು ಬಂದವರಿಗೆ ಎಲ್ಲಿಂದ ಬರಬೇಕು? ಪುಸ್ತಕ ಚೆನ್ನಾಗಿಯೇ ಖರ್ಚಾಯಿತು. ಜನ ಹರೀರಾ ಇರುವ ಪುಟ ತೆರೆದು, ಅದರ ಮೇಲೇ ಸಹಿ ಹಾಕಿಸಿಕೊಂಡರು. ಶೌಕತ್ ಬೇ ಅದನ್ನೂ ಮೆಚ್ಚುಗೆ ಎಂದೇ ತಿಳಿದರು.

ಮನೆಗೆ ಬರುವಾಗ ಮೆಟ್ರೋದಲ್ಲಿ ಜುಮಾನಾ ನನ್ನ ಪಕ್ಕ ಕೂತಳು. ನಮ್ಮ ನಿಲ್ದಾಣ ಬಂದಾಗ, "ನಾಳೆ ಟೀಚರಿಗೆ ಹೇಳ್ಲಾ?" ಎಂದಳು.

"ಹೇಳು."

"ಇವತ್ತೂ ಎಲ್ಲರೂ ನಗ್ತಾರೆ ಅನ್ಕೊಂಡಿದ್ದೆ. ನಾನು ಎರಡು ವರ್ಷದಿಂದ, ನೀನು ಸುಳ್ಳು ಹೇಳಿದೀಯ ಅಂತ..." ಎಂದು ಶುರುಮಾಡಿ ನಿಲ್ಲಿಸಿದಳು. ನಾನು ಅವಳ ಚೀಲ ತೆಗೆದುಕೊಂಡೆ. ಅದು ಭಾರವಾಗಿತ್ತು, ಮಗು ಅದನ್ನು ದಿನಾ ಹೇಗೆ ಹೊರುತ್ತದೋ.

ಹತ್ತು ದಿನ ಬಿಟ್ಟು, ರಂಜಾನಿನ ಮೂರನೇ ಸಂಜೆ, ಇಫ್ತಾರ್ ಮುಗಿಸಿ ಇನ್ನೂ ಮೇಜಿನ ಮುಂದೆ ಕೂತಿದ್ದಾಗ ಶೌಕತ್ ಬೇ ಫೋನು ಬಂತು. ಏನೂ ಆಗದವರ ದನಿ.

"ಇನ್ಶಿರಾಹ್, ಎರಡನೇ ಮುದ್ರಣ. ಒಂಬತ್ತನೇ ಅಧ್ಯಾಯ ತಿದ್ದಬೇಕು. ಉಪವಾಸದ ಬದಲು ಹಬ್ಬ ಅಂತ ಮಾಡು. ಬೆಳಗ್ಗೆ ಎದ್ದು ಬೀದಿಯವರ ಜೊತೆ ಏನೋ ತಿಂದೆ ಅಂತ ಹಾಕು. ಏನು ತಿಂತಾರೆ ಅವತ್ತು ಬೆಳಗ್ಗೆ ಜನ?"

"ಜನಾನ ಕೇಳಿ ಬೇ."

"ಅದಕ್ಕೇ ನಿನ್ನ ಕೇಳ್ತಿದೀನಿ."

"ನಾನು ಬರೀ ಕತ್ತರಿ. ನೀವೇ ದರ್ಜಿ," ಎಂದು ಫೋನು ಇಟ್ಟೆ. ಜೀವನದಲ್ಲಿ ಮೊದಲ ಸಲ ಅವರಿಗಿಂತ ಮುಂಚೆ ಇಟ್ಟದ್ದು.

ಜುಮಾನಾ ಪಾತ್ರೆ ಎತ್ತಲು ಶುರುಮಾಡಿದ್ದಳು. ನನ್ನ ತಟ್ಟೆಯ ಹತ್ತಿರ ಬಂದು ಬೇಕೆಂದೇ ಕೈಯನ್ನು ಅಲ್ಲೇ ನಿಲ್ಲಿಸಿ, ಹುಬ್ಬು ಹಾರಿಸಿ ನಿಂತಳು.

"ತೆಗಿ, ತೆಗಿ," ಎಂದೆ. "ನಂದು ಆಯ್ತು."

ಎರಡನೇ ಮುದ್ರಣ ಹಬ್ಬಕ್ಕೆ ಮೊದಲೇ ಬಂತು. ತಿದ್ದಿದ್ದು ಅವರೇ, ಸ್ವಂತ ಕೈಯಿಂದ. ಇಡೀ ಪುಸ್ತಕದಲ್ಲಿ ಅವರು ಬರೆದದ್ದು ಅದೊಂದೇ ಸಾಲು. ಕತ್ತರಿ ಮೊದಲಿನಂತೆ ಅವರ ಕೈಯಲ್ಲೇ ಇದೆ, ಅಜ್ಜಿಯೂ ಇದ್ದಾರೆ. ಅದರ ಕೆಳಗೆ, ರಂಜಾನ್ ಹಬ್ಬದ ಬೆಳಗ್ಗೆ ಬೀದಿಯ ಬಡವರೊಂದಿಗೆ ನೆಲಕ್ಕೆ ಕೂತು, ಆಗತಾನೇ ಕೊಯ್ದ ಕುರಿಯ ಮಾಂಸ ಹಾಕಿದ ಬಿಸಿಬಿಸಿ ಫತ್ತಾ ತಿಂದದ್ದನ್ನು ಬರೆದಿದ್ದಾರೆ.

ಜುಮಾನಾ ಓದಿ, ನೆಲದ ಮೇಲೆ ಕೂತುಬಿಟ್ಟಳು, ನಕ್ಕೂ ನಕ್ಕೂ. ಕುರಿ ಕೊಯ್ದು ಫತ್ತಾ ಮಾಡುವುದು ಬಕ್ರೀದಿಗೆ, ಅದಕ್ಕೆ ಇನ್ನೂ ಎರಡು ತಿಂಗಳು ಹೋಗಬೇಕು. ರಂಜಾನ್ ಹಬ್ಬದ ಬೆಳಗ್ಗೆ ನಮ್ಮಲ್ಲಿ ಮೂರು ವರ್ಷದ ಮಗುವಿನ ಕೈಯಲ್ಲೂ ಕಹ್ಕ್ ಇರುತ್ತದೆ.